ಕಿತ್ತುಕೊಂಡು ಹೋದ ಸರ ಕರಗಿಸಿದ ಚಿನ್ನದ ಗಟ್ಟಿಯಾಗಿ ಸಿಕ್ಕಿದೆ: ಕೋರ್ಟಿನಿಂದ ಬಿಡಿಸಿಕೊಳ್ಳುವುದು ಹೇಗೆ?

ಹಾಸನದ ಓದುಗ:
ನಮ್ಮತ್ತೆಯವರ ಮಾಂಗಲ್ಯ ಸರ ಕಿತ್ತುಕೊಂಡು ಹೋದ ಕೇಸು, 2025ರ ಎಫ್‌ಐಆರ್. ದೂರಿನಲ್ಲಿ ‘ಸುಮಾರು 40 ಗ್ರಾಂ’ ಎಂದಿದೆ. ಆರೋಪಿ ಸಿಕ್ಕಿದ್ದಾನೆ, ಆದರೆ ವಶಕ್ಕೆ ಪಡೆದಿರುವುದು ಕರಗಿಸಿದ 31 ಗ್ರಾಂ ಗಟ್ಟಿ. ಸರ ಮೂವತ್ತು ವರ್ಷ ಹಳೆಯದು, ಬಿಲ್ ಇಲ್ಲ. ಠಾಣೆಯಲ್ಲಿ ‘ಕೇಸ್ ಮುಗಿಯಲಿ’ ಅಂತಾರೆ. ತೀರ್ಪು ಬರುವವರೆಗೂ ಕಾಯಲೇಬೇಕಾ? ವಕೀಲರಿಗೆ ಕೊಡುವಷ್ಟು ಹಣವೂ ಅವರ ಬಳಿ ಇಲ್ಲ.

ಕಡತದ ಕೋಣೆ:
ಕಾಯಬೇಕಿಲ್ಲ ಸರ್. ಒಡವೆ ಕಳೆದುಕೊಂಡವರನ್ನೇ ವರ್ಷಗಟ್ಟಲೆ ಅಲೆದಾಡಿಸುವುದು ಕಾನೂನಿನ ಉದ್ದೇಶವಲ್ಲ. ಮುದ್ದೆಮಾಲನ್ನು (ಪೊಲೀಸರು ವಶಪಡಿಸಿಕೊಂಡ ವಸ್ತುವನ್ನು) ಠಾಣೆಯಲ್ಲಿ ಹೆಚ್ಚೆಂದರೆ 15 ದಿನದಿಂದ ಒಂದು ತಿಂಗಳು ಇಟ್ಟುಕೊಳ್ಳಬಹುದು, ಆಮೇಲೆ ಫೋಟೊ, ಪಂಚನಾಮೆ, ಬಾಂಡ್ ಪಡೆದು ಒಡವೆಯನ್ನು ಹಕ್ಕುದಾರರಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 497ನೇ ಕಲಮಿನಲ್ಲಿ ಗಡುವೂ ಇದೆ. ಮಾಲು ಕೋರ್ಟಿನ ಮುಂದೆ ಬಂದ 14 ದಿನದಲ್ಲಿ ಅದರ ವಿವರಪಟ್ಟಿ ಸಿದ್ಧವಾಗಬೇಕು, ಅಲ್ಲಿಂದ 30 ದಿನದೊಳಗೆ ಅದನ್ನು ಏನು ಮಾಡಬೇಕೆಂಬ ಆದೇಶ ಆಗಬೇಕು. ಮಾಲನ್ನು ವಶಕ್ಕೆ ಪಡೆದ ವರದಿ ಮಾತ್ರ ಹೋಗಿ ಮಾಲು ಕೋರ್ಟಿಗೆ ಬಂದಿಲ್ಲದಿದ್ದರೆ ಅದೇ ಕಾನೂನಿನ 503ನೇ ಕಲಮಿನಲ್ಲಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಎರಡೂ ಕಲಮುಗಳನ್ನು ಅರ್ಜಿಯಲ್ಲಿ ನಮೂದಿಸುತ್ತಾರೆ.

ಅರ್ಜಿಗೆ ಮುಂಚೆ ಒಂದು ಕೆಲಸ ಮಾಡಿ. ಆ ಗಟ್ಟಿಯನ್ನು ಯಾವ ಕ್ರೈಂ ನಂಬರಿಗೆ (ಯಾವ ಠಾಣೆಯ ಯಾವ ಎಫ್‌ಐಆರ್‌ಗೆ) ತೋರಿಸಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಒಬ್ಬನೇ ಕಳ್ಳ ನಾಲ್ಕಾರು ಠಾಣೆಗಳ ಸರಹದ್ದಿನಲ್ಲಿ ಸರ ಕಿತ್ತಿದ್ದರೆ ಮಾಲು ಬೇರೆ ಠಾಣೆಯ ಪಿಎಫ್‌ನಲ್ಲಿ (ವಶಪಡಿಸಿಕೊಂಡ ಮಾಲಿನ ಪಟ್ಟಿಯಲ್ಲಿ) ಇರಬಹುದು. ಹಾಗಿದ್ದರೆ ಅರ್ಜಿ ಹೋಗಬೇಕಾದ್ದು ಆ ಠಾಣೆಯ ವ್ಯಾಪ್ತಿಯ ಕೋರ್ಟಿಗೆ. ತಪ್ಪು ಕೋರ್ಟಿನಲ್ಲಿ ಹಾಕಿ ಎರಡು ತಿಂಗಳು ಕಳೆದುಕೊಳ್ಳುವವರು ಬಹಳ. ಕೇಸು ಎಲ್ಲಿದೆ ಎಂದು ಇ-ಕೋರ್ಟ್ಸ್ ತಾಣದಲ್ಲಿ ಠಾಣೆ, ಎಫ್‌ಐಆರ್ ನಂಬರು, ವರ್ಷ ಕೊಟ್ಟು ಹುಡುಕಬಹುದು.

ಮಂಡ್ಯದ ವಕೀಲೆ:
ನಿಮ್ಮ ಕೇಸಿನಲ್ಲಿ ತೊಡಕು ಇರುವುದು ತೂಕದ್ದು ಮತ್ತು ಗುರುತಿನದ್ದು. 40ಕ್ಕೂ 31ಕ್ಕೂ ಇರುವ ವ್ಯತ್ಯಾಸವನ್ನೇ ಹಿಡಿದು ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ತಕರಾರು ಹಾಕಬಹುದು. ‘ಕರಿಮಣಿ, ತಾಳಿ, ದಾರ ಸೇರಿ ಅಂದಾಜು ಹೇಳಿದ್ದು, ಬರಿ ಚಿನ್ನ ಇಷ್ಟು’ ಎಂಬುದು ನಿಜವಾಗಿದ್ದರೆ ತನಿಖಾಧಿಕಾರಿಯ ಮುಂದೆ ಈಗಲೇ ಮರುಹೇಳಿಕೆ ಕೊಡಿ. ನಿಜವಲ್ಲದ್ದನ್ನು ಮಾತ್ರ ಬರೆಸಬೇಡಿ. ವಿಚಾರಣೆಯಲ್ಲಿ ಅದು ತಿರುಗಿ ನಿಮ್ಮತ್ತೆಯವರಿಗೇ ಹೊಡೆಯುತ್ತದೆ, ಆರೋಪಿಗೂ ಲಾಭ. ಗಟ್ಟಿಯಲ್ಲಿ ಬೇರೆಯವರ ಚಿನ್ನ ಬೆರೆತಿಲ್ಲ ಎಂಬುದು ಮಹಜರು (ಪಂಚನಾಮೆ) ಮತ್ತು ಕರಗಿಸಿದವನ ಹೇಳಿಕೆಯಿಂದ ಸ್ಪಷ್ಟವಾಗಬೇಕು. ವಶಪಡಿಸಿಕೊಂಡಾಗ ವಿಡಿಯೊ ಮಾಡುವುದು ಈಗ ಕಡ್ಡಾಯ, ಬಿಎನ್‌ಎಸ್‌ಎಸ್‌ನ 105ನೇ ಕಲಮು. ಅದೂ ನೆರವಿಗೆ ಬರುತ್ತದೆ.

ಬಿಲ್ ಇಲ್ಲದಿದ್ದರೂ ದಾರಿ ಮುಚ್ಚಿಲ್ಲ. ಆ ಸರವನ್ನು ಎಂದಾದರೂ ಬ್ಯಾಂಕಿನಲ್ಲಿ ಅಡ ಇಟ್ಟಿದ್ದರೆ ಆ ಚೀಟಿಯಷ್ಟು ಒಳ್ಳೆಯ ಕಾಗದ ಇನ್ನೊಂದಿಲ್ಲ, ಅದರಲ್ಲಿ ಒಟ್ಟು ತೂಕ, ನಿವ್ವಳ ತೂಕ ಎರಡೂ ಇರುತ್ತವೆ. ಇಲ್ಲವೆಂದರೆ ಸರ ಕಾಣುವ ಮದುವೆ, ಸೀಮಂತದ ಫೋಟೊಗಳು, ಮಾಡಿಕೊಟ್ಟ ಅಕ್ಕಸಾಲಿಗರ ಪ್ರಮಾಣಪತ್ರ, ಅತ್ತೆಯವರ ಸ್ವಂತ ಪ್ರಮಾಣಪತ್ರ. ಜೊತೆಗೆ ದೂರು, ಎಫ್‌ಐಆರ್, ಮಹಜರಿನ ಪ್ರತಿ, ಆಧಾರ್.

ಅರ್ಜಿ ಅತ್ತೆಯವರ ಹೆಸರಿನಲ್ಲೇ ಇರಲಿ. ಅಳಿಯನೋ ಮಗನೋ ಹಾಕಿದರೆ ‘ನಿಮಗೇನು ಹಕ್ಕು’ ಎಂಬಲ್ಲೇ ನಿಲ್ಲುತ್ತದೆ.

ಹಾಸನದ ಓದುಗ:
ಧನ್ಯವಾದ ಮೇಡಂ. ಗಟ್ಟಿ ಸಿಕ್ಕಿದ್ದು ಗಿರವಿ ಅಂಗಡಿಯಲ್ಲಂತೆ. ಅಂಗಡಿಯವನು ‘ದುಡ್ಡು ಕೊಟ್ಟು ತಗೊಂಡದ್ದು’ ಅಂತ ಕೋರ್ಟಿಗೆ ಬಂದರೆ?

ಮಂಡ್ಯದ ವಕೀಲೆ:
ಬರಬಹುದು. ಈ ಹಂತದಲ್ಲಿ ಕೋರ್ಟ್ ನೋಡುವುದು ಸದ್ಯಕ್ಕೆ ವಶದಲ್ಲಿ ಇಟ್ಟುಕೊಳ್ಳಲು ಯಾರು ಹೆಚ್ಚು ಅರ್ಹರು ಎಂಬುದನ್ನು, ಮಾಲೀಕತ್ವದ ಕೊನೆಯ ತೀರ್ಮಾನವನ್ನಲ್ಲ. ಕದ್ದವನಿಂದ ಕೊಂಡವನಿಗೆ ಕದ್ದವನಿಗಿಂತ ಹೆಚ್ಚಿನ ಹಕ್ಕು ಬರುವುದಿಲ್ಲ ಎಂಬುದೇ ನಿಮ್ಮ ವಾದ.

ಕಡತದ ಕೋಣೆ:
ಆದೇಶದ ಷರತ್ತುಗಳನ್ನು ಓದದೆ ಮನೆಗೆ ಹೋಗಬೇಡಿ. ಮಾಲಿನ ಬೆಲೆಗೆ ಇಂಡೆಮ್ನಿಟಿ ಬಾಂಡ್ (ನಷ್ಟವಾದರೆ ಕಟ್ಟಿಕೊಡುವ ಮುಚ್ಚಳಿಕೆ), ಅಷ್ಟೇ ಮೊತ್ತಕ್ಕೆ ಜಾಮೀನುದಾರರು (ಪಹಣಿ ಅಥವಾ ಮನೆ ಕಂದಾಯದ ರಸೀದಿ ತರುವವರು), ಮಾರಬಾರದು, ರೂಪ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು. ಇಲ್ಲೇ ಎಡವುತ್ತಾರೆ. ಗಟ್ಟಿ ಕೈಗೆ ಬಂದ ಖುಷಿಗೆ ಹೊಸ ಸರ ಮಾಡಿಸುತ್ತಾರೆ, ಎರಡು ವರ್ಷದ ನಂತರ ಸಾಕ್ಷಿ ಹೇಳಲು ಹೋದಾಗ ‘ಮಾಲು ತನ್ನಿ’ ಅಂದರೆ ಗಟ್ಟಿ ಇರುವುದಿಲ್ಲ, ಬಾಂಡ್ ಹಣ ಕಟ್ಟಬೇಕಾಗುತ್ತದೆ. ಸರ ಮಾಡಿಸಿಕೊಳ್ಳಲೇಬೇಕು ಎಂದಿದ್ದರೆ, ಫೋಟೊ ಮತ್ತು ತೂಕ ದಾಖಲಾದ ಮೇಲೆ ರೂಪ ಬದಲಿಸಲು ಅನುಮತಿ ಕೊಡಿ ಎಂದು ಅದೇ ಅರ್ಜಿಯಲ್ಲಿ ಕೇಳಿ. ಠಾಣೆಯಲ್ಲಿ ಬಿಡಿಸಿಕೊಳ್ಳುವಾಗ ಎದುರಿಗೇ ತೂಕ ಹಾಕಿಸಿ, ಫೋಟೊದ ಮೇಲೆ ಸಹಿ ಆಗಲಿ.

ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಎಫ್‌ಐಆರ್ ಪ್ರತಿ ಹಿಡಿದು ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಎಫ್‌ಐಆರ್ ಪ್ರತಿ ಠಾಣೆಯಲ್ಲಿ ಉಚಿತ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕಾದ್ದೂ ಅವರದೇ ಹೊಣೆ, ಬಿಎನ್‌ಎಸ್‌ಎಸ್‌ನ 193(3)ನೇ ಕಲಮು. ತಿಳಿಸದಿದ್ದರೆ ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.