38 ಡಿಗ್ರಿ ಕೋಣೆಯಲ್ಲಿ 4.6 ಗಿಗಾಹರ್ಟ್ಸ್: ರೈಝನ್ 5600ಎಕ್ಸ್ ಏಕೆ ಸ್ಥಿರವಾಗಿ ನಿಲ್ಲುತ್ತಿಲ್ಲ?

ಪ್ರಶ್ನೆ — ನಿಟ್ಟುವಳ್ಳಿ ವಿಡಿಯೊ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್ ಮಾಡಿಕೊಡುತ್ತೇನೆ. ರೈಝನ್ 5 5600ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್, 3200ರ 16 ಜಿಬಿ ರಾಮ್ ಎರಡು, ಜಿಟಿಎಕ್ಸ್ 1650 ಕಾರ್ಡ್, 550 ವಾಟ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಮತ್ತು 600 ವಿಎ ಯುಪಿಎಸ್ ನನ್ನ ಬಳಿ ಇವೆ. ಕೂಲರ್ ಮಾತ್ರ ಪ್ರೊಸೆಸರಿನ ಡಬ್ಬಿಯಲ್ಲೇ ಬಂದದ್ದು.

ಲಗ್ನದ ಸೀಸನ್ನಿನ ಕೆಲಸವೆಲ್ಲ ಒಟ್ಟಿಗೆ ಬಂದಿರುವುದರಿಂದ ರೆಂಡರ್ ಬೇಗ ಮುಗಿಯಲೆಂದು ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಎಲ್ಲ ಆರು ಕೋರ್‌ಗಳನ್ನು 4.6 ಗಿಗಾಹರ್ಟ್ಸ್‌ಗೆ, ವೋಲ್ಟೇಜನ್ನು 1.35ಕ್ಕೆ ಕಟ್ಟಿದೆ. ಆಟೊದಲ್ಲಿದ್ದಾಗಲೇ ಅದು ಆಗಾಗ 1.4 ದಾಟುತ್ತಿದ್ದುದನ್ನು ನೋಡಿದ್ದರಿಂದ 1.35 ಕಡಿಮೆಯೇ ಎಂದುಕೊಂಡಿದ್ದೆ. ಬೆಂಗಳೂರಿನವರೊಬ್ಬರ ವಿಡಿಯೊದಲ್ಲಿ ಇದೇ ಸೆಟ್ಟಿಂಗಿಗೆ 80 ಡಿಗ್ರಿ ಕಂಡಿತ್ತು. ನನ್ನಲ್ಲಿ ರೆಂಡರ್ ಆರಂಭವಾದ ಹತ್ತು ನಿಮಿಷಕ್ಕೆ 95 ಮುಟ್ಟುತ್ತದೆ, ಒಮ್ಮೊಮ್ಮೆ ನೀಲಿ ಪರದೆಯೂ ಬಾರದೆ ನೇರವಾಗಿ ರೀಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ನನ್ನ ಕೋಣೆ 38 ಡಿಗ್ರಿ ಇರುತ್ತದೆ, ಎಸಿ ಇಲ್ಲ. ಇನ್ನೂ ಸ್ವಲ್ಪ ವೋಲ್ಟೇಜ್ ಏರಿಸಿದರೆ ಸ್ಥಿರವಾಗಿ ನಿಲ್ಲುತ್ತದೆಯೇ?

ಉತ್ತರ 1 — ಕೋಟೆಯೂರಿನವ

ದಯವಿಟ್ಟು ಏರಿಸಬೇಡಿ. ಮೊದಲು ಬಯೋಸನ್ನು ಡಿಫಾಲ್ಟ್‌ಗೆ ತನ್ನಿ, ಮೂಲ ಫೂಟೇಜನ್ನು ಬೇರೊಂದು ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ, ಉಳಿದ ಮಾತು ಆಮೇಲೆ. ಅಸ್ಥಿರ ಪ್ರೊಸೆಸರ್ ಬರೀ ರೀಸ್ಟಾರ್ಟ್ ಆಗುವುದಿಲ್ಲ, ಲೆಕ್ಕ ತಪ್ಪಿಸಿ ಕಡತವನ್ನೂ ಕೆಡಿಸಬಲ್ಲದು. ಧಾರೆ ಮುಹೂರ್ತವನ್ನು ಇನ್ನೊಮ್ಮೆ ಚಿತ್ರೀಕರಿಸಲು ಯಾವ ಬೀಗರೂ ಒಪ್ಪುವುದಿಲ್ಲ.

ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಅನುಭವದಲ್ಲಿ, ಇಂಥ ರೀಸ್ಟಾರ್ಟಿಗೆ ಓವರ್‌ಕ್ಲಾಕ್ (ಕಾರ್ಖಾನೆಯ ವೇಗಕ್ಕಿಂತ ಹೆಚ್ಚು ಓಡಿಸುವುದು) ಒಂದೇ ಕಾರಣವೆಂದು ಮೊದಲೇ ತೀರ್ಮಾನಿಸಬಾರದು. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ನೋಡಿ. ಕರ್ನಲ್-ಪವರ್ 41 ಎಂಬುದಷ್ಟೇ ಇದ್ದರೆ ಅದು ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿತೆಂದು ಹೇಳುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. ಎಸ್‌ಎಂಪಿಎಸ್, ಯುಪಿಎಸ್ ಎರಡನ್ನೂ ಅನುಮಾನಿಸಬೇಕಾಗುತ್ತದೆ. ಕರೆಂಟು ಹೋದ ಕ್ಷಣದಲ್ಲೇ ಹೀಗಾಗುತ್ತಿದ್ದರೆ ಯುಪಿಎಸ್ ಬ್ಯಾಟರಿಯನ್ನು ನೋಡಿಸಿ. ಆ 41ರ ಜೊತೆಗೆ ವೀಯಾ-ಲಾಗರ್ (WHEA-Logger) 18 ಎಂಬ ಹಾರ್ಡ್‌ವೇರ್ ದೋಷದ ದಾಖಲೆಯೂ ಇದ್ದರೆ ತಪ್ಪು ಪ್ರೊಸೆಸರ್ ಕೋರಿನ ಕಡೆಯದು. ಅಲ್ಲಿರುವ ಎಪಿಕ್ ಐಡಿ (ಥ್ರೆಡ್ ಎಂಬ ಪ್ರತಿ ಕೆಲಸದ ಸಾಲಿನ ಗುರುತಿನ ಸಂಖ್ಯೆ) ಯಾವ ಕೋರ್ ಸೋಲುತ್ತಿದೆ ಎಂಬುದನ್ನೂ ತೋರಿಸುತ್ತದೆ. ಒಂದೊಂದು ಕೋರಿಗೆ ಎರಡೆರಡು ಥ್ರೆಡ್ ಇರುವುದರಿಂದ ಸಾಮಾನ್ಯವಾಗಿ ಆ ಸಂಖ್ಯೆಯನ್ನು ಎರಡರಿಂದ ಭಾಗಿಸಿದರೆ ಕೋರಿನ ಸಂಖ್ಯೆ ಸಿಗುತ್ತದೆ, ಎಣಿಕೆ ಸೊನ್ನೆಯಿಂದ.

ರಾಮನ್ನೂ ಒಂದು ರಾತ್ರಿ ಮೆಮ್‌ಟೆಸ್ಟ್86ಕ್ಕೆ ಬಿಡಿ. ಎಕ್ಸ್‌ಎಂಪಿ (ರಾಮನ್ನು ಹೆಚ್ಚಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಹಾಕಿದ ರಾಮಿನ ತಪ್ಪನ್ನು ಪ್ರೊಸೆಸರ್ ತಲೆಗೆ ಕಟ್ಟಿ ವಾರಗಟ್ಟಲೆ ಒದ್ದಾಡಿದವರನ್ನು ಕಂಡಿದ್ದೇನೆ.

ಉತ್ತರ 2 — ಹಳೇ ಬೋರ್ಡು

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ, ಆದರೆ ನಿಮ್ಮ ಪ್ರಶ್ನೆಯ ಬೇರು ಇನ್ನೂ ಉಳಿದಿದೆ. ಆಟೊದಲ್ಲಿ ಕಾಣುವ 1.4ಕ್ಕೂ ನೀವು ಕಟ್ಟಿದ 1.35ಕ್ಕೂ ಹೋಲಿಕೆ ಸಲ್ಲದು. ಒಂದೆರಡು ಕೋರ್‌ಗಳು ಮಾತ್ರ ಕೆಲಸ ಮಾಡುವಾಗ ಹರಿಯುವ ಕರೆಂಟು ಕಡಿಮೆ ಇರುವುದರಿಂದ ಪ್ರೊಸೆಸರ್ ತಾನಾಗಿಯೇ ವೋಲ್ಟೇಜನ್ನು ಮೇಲಕ್ಕೆ ಒಯ್ಯುತ್ತದೆ. ಆರೂ ಕೋರ್‌ಗಳಿಗೆ ಭಾರ ಬಿದ್ದ ಕೂಡಲೇ ಅದನ್ನು 1.2ರ ಆಸುಪಾಸಿಗೆ ಇಳಿಸಿಕೊಳ್ಳುತ್ತದೆ. ನೀವು ಆ ಇಳಿಯುವ ಸ್ವಾತಂತ್ರ್ಯವನ್ನೇ ಕಿತ್ತುಕೊಂಡಿದ್ದೀರಿ.

ಅದರ ಬೆಲೆಯನ್ನು ಲೆಕ್ಕ ಹಾಕಿ ನೋಡಿ. ಪ್ರೊಸೆಸರ್ ಉಣ್ಣುವ ಶಕ್ತಿ ಆವರ್ತನಕ್ಕೆ ನೇರವಾಗಿ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1.2ರಿಂದ 1.35ಕ್ಕೆ, 4.4ರಿಂದ 4.6ಕ್ಕೆ ಹೋದರೆ ಶಾಖ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೆಚ್ಚುತ್ತದೆ, ವೇಗ ಹೆಚ್ಚುವುದು ನೂರಕ್ಕೆ ನಾಲ್ಕೂವರೆ ಮಾತ್ರ. ಒಂದು ಗಂಟೆಯ ರೆಂಡರಿನಲ್ಲಿ ಎರಡೂವರೆ ನಿಮಿಷ ಉಳಿಸಲು ಇಷ್ಟು ಬೆಂಕಿ ಹಚ್ಚಬೇಕೇ? 1998ರ ಇಂಟೆಲ್ ಸೆಲೆರಾನ್ 300ಎ ಕಾಲದಲ್ಲಿ ಬಸ್ಸನ್ನು (ಚಿಪ್ಪಿನ ವೇಗಕ್ಕೆ ಆಧಾರವಾದ ಮದರ್‌ಬೋರ್ಡಿನ ಆವರ್ತನ) 66ರಿಂದ 100 ಮೆಗಾಹರ್ಟ್ಸ್‌ಗೆ ತಿರುಗಿಸಿ 300ರ ಚಿಪ್ಪನ್ನು 450ರಲ್ಲಿ ಓಡಿಸಿದವರ ಸಂತೋಷ ಬೇರೆ. ಈಗ ಆ ಉಳಿಕೆಯನ್ನೆಲ್ಲ ಕಾರ್ಖಾನೆಯವರೇ ಬೂಸ್ಟ್ ಎಂಬ ಹೆಸರಿನಲ್ಲಿ ಖರ್ಚು ಮಾಡಿ ಕಳುಹಿಸುತ್ತಾರೆ, ನಮಗೆ ಉಳಿಯುವುದು ತಳದ ಗಸಿ.

ಇನ್ನು ಬೆಂಗಳೂರಿನ ವಿಡಿಯೊ. ಕೂಲರ್ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದು ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲಿಸುತ್ತದೆ ಎಂಬುದಷ್ಟೇ ಅದರ ಶಕ್ತಿ. ಅವರ ಕೋಣೆ 26 ಇದ್ದು ಪ್ರೊಸೆಸರ್ 80 ಇದ್ದರೆ ವ್ಯತ್ಯಾಸ 54. ಅದೇ ಕೂಲರನ್ನು ನಿಮ್ಮ 38ರ ಕೋಣೆಗೆ ತಂದರೂ 92 ಆಗಲೇಬೇಕು. ಈ ಚಿಪ್ಪಿನ ಮಿತಿಯೇ 95. ಆದ್ದರಿಂದ ನಮ್ಮೂರಿನವರು ಓವರ್‌ಕ್ಲಾಕನ್ನು ಏಪ್ರಿಲ್-ಮೇ ಮಧ್ಯಾಹ್ನದಲ್ಲೇ ಪರೀಕ್ಷಿಸಬೇಕು. ಡಿಸೆಂಬರಿನ ಬೆಳಗ್ಗೆ ಪಾಸಾದದ್ದು ಪಾಸಲ್ಲ.

ನನ್ನ ಸಲಹೆ ಇದು. ಆವರ್ತನ ನಿರ್ಧರಿಸುವ ಗುಣಕವನ್ನು ಆಟೊದಲ್ಲೇ ಬಿಟ್ಟು, ಪಿಬಿಒ (ಬೂಸ್ಟನ್ನು ಹೊಂದಿಸುವ ಎಎಂಡಿಯ ಸೌಲಭ್ಯ) ಒಳಗಿನ, ಕೋರ್‌ಗಳ ವೋಲ್ಟೇಜನ್ನು ಹೊಂದಿಸುವ ಕರ್ವ್ ಆಪ್ಟಿಮೈಸರನ್ನು ಬಳಸಿ, ಅದರಲ್ಲಿ ಋಣ ಸಂಖ್ಯೆ ಹಾಕಿ. ಒಂದೊಂದು ಹೆಜ್ಜೆಗೆ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಋಣ 30ರವರೆಗೆ ಹೋಗಬಹುದಾದರೂ ಋಣ 10ರಿಂದ ಆರಂಭಿಸಿ. 76 ವಾಟ್‌ನ ಮೂಲ ಮಿತಿಯನ್ನು ಮುಟ್ಟಬೇಡಿ. ಕಡಿಮೆ ವೋಲ್ಟೇಜಿನಲ್ಲಿ ಅದೇ 76 ವಾಟ್ ಹೆಚ್ಚು ಆವರ್ತನ ಕೊಡುತ್ತದೆ, ಒಂದೇ ಕೋರಿನ ಕೆಲಸಕ್ಕೆ ಬೇಕಾದ ಬೂಸ್ಟೂ ಉಳಿಯುತ್ತದೆ. ಆದರೆ ಇದರ ಸೋಲು ಬೇರೆ ಬಗೆಯದು: ಭಾರೀ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತ ಯಂತ್ರ, ಬ್ರೌಸರ್ ತೆರೆದಿಟ್ಟು ಸುಮ್ಮನೆ ಕುಳಿತಾಗ ಬೀಳುತ್ತದೆ, ಏಕೆಂದರೆ ಒಂದೇ ಕೋರ್ ಅತಿ ಹೆಚ್ಚಿನ ಆವರ್ತನಕ್ಕೆ ಜಿಗಿಯುವುದು ಆಗಲೇ. ಹೀಗಾಗಿ ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸುವ ಸಿನೆಬೆಂಚ್ ಪರೀಕ್ಷೆ ಸಾಲದು. ಕೋರ್‌ಸೈಕ್ಲರ್‌ನಂಥ, ಒಂದೊಂದೇ ಕೋರನ್ನು ದುಡಿಸುವ ಪರೀಕ್ಷೆಯನ್ನು ರಾತ್ರಿಯಿಡೀ ಬಿಡಿ. ಅತಿ ಉತ್ತಮ ಎಂದು ಗುರುತಾದ ಕೋರ್‌ಗಳೇ ಸಾಮಾನ್ಯವಾಗಿ ಕಡಿಮೆ ಇಳಿಕೆಯನ್ನು ತಾಳುತ್ತವೆ, ಇದು ಅನೇಕರಿಗೆ ವಿಚಿತ್ರವಾಗಿ ಕಾಣುತ್ತದೆ.

ಹಾಗೆಯೇ, ಪಿಬಿಒ ಕೂಡ ಓವರ್‌ಕ್ಲಾಕ್ ಎಂದೇ ಎಣಿಕೆಯಾಗುತ್ತದೆ, ಅದರಿಂದಾದ ಹಾನಿಗೆ ವಾರಂಟಿ ಸಿಗುವುದಿಲ್ಲ.

ಉತ್ತರ 3 — ಹರಿಹರ ರಸ್ತೆ

ಕೂಲರ್ ಬದಲಿಸದೆ ಇಷ್ಟೆಲ್ಲ ಮಾತೇಕೆ? 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಒಂದನ್ನು ಹಾಕಿ, 1.35ರಲ್ಲೇ ಓಡಿಸಿ. ತಾಪ 80ರೊಳಗೆ ಇದ್ದರೆ ಏನೂ ಆಗುವುದಿಲ್ಲ.

ಉತ್ತರ 4 — ಹಳೇ ಬೋರ್ಡು

ಕೂಲರ್ ಬೇಕು, ಅದು ಸರಿ. ತಾಪ ಕಡಿಮೆಯಿದ್ದರೆ ವೋಲ್ಟೇಜ್ ನಿರಪಾಯ ಎಂಬುದನ್ನು ಮಾತ್ರ ಒಪ್ಪಲಾರೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಅತಿಯಾದ ವೋಲ್ಟೇಜ್ ಬೇಡಿಕೆಯಿಂದ, ಅವು ಸ್ಥಿರವಾಗಿರಲು ಬೇಕಾದ ಕನಿಷ್ಠ ವೋಲ್ಟೇಜೇ ಶಾಶ್ವತವಾಗಿ ಮೇಲಕ್ಕೆ ಸರಿದುಹೋಯಿತು. 2024ರ ಆಗಸ್ಟ್‌ನಿಂದ ಮೈಕ್ರೊಕೋಡ್ (ಚಿಪ್ಪಿನ ಒಳಗಿನ ಸೂಚನೆಗಳು) ತಿದ್ದುಪಡಿಗಳು ಬಂದರೂ ಆಗಲೇ ಹಾಳಾದ ಚಿಪ್ಪುಗಳು ಸರಿಯಾಗಲಿಲ್ಲ. ಚಿಪ್ ಬೇರೆಯಾದರೂ ಸಿಲಿಕಾನಿನ ಗುಣ ಒಂದೇ. ಭಾರ ಬಿದ್ದಾಗ ಕುಸಿಯುವ ವೋಲ್ಟೇಜನ್ನು ಎತ್ತಿಹಿಡಿಯುವ ಲೋಡ್-ಲೈನ್ ಕ್ಯಾಲಿಬ್ರೇಶನ್ನನ್ನೂ ಕೊನೆಯ ಹಂತಕ್ಕೆ ಏರಿಸಬೇಡಿ, ಭಾರ ಥಟ್ಟನೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ನೀವು ಕಟ್ಟಿದ್ದಕ್ಕಿಂತ ಮೇಲಕ್ಕೆ ನೆಗೆಯುತ್ತದೆ.

ಇನ್ನೊಂದು ಮಾತು. ನಿಮ್ಮ ಗ್ರಾಫಿಕ್ಸ್ ಕಾರ್ಡಿನಲ್ಲಿ ವಿಡಿಯೊವನ್ನು ಸಂಕುಚಿಸಿ ಕಡತ ಮಾಡುವ ಎನ್‌ಕೋಡರ್ ಇದೆ. ಎಡಿಟಿಂಗ್ ತಂತ್ರಾಂಶದ ಎಕ್ಸ್‌ಪೋರ್ಟ್ ಪುಟದಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಆರಿಸಿದ್ದೀರಾ?

ಪ್ರಶ್ನಿಸಿದವರಿಂದ — ನಿಟ್ಟುವಳ್ಳಿ ವಿಡಿಯೊ

ಹನ್ನೆರಡು ದಿನಗಳ ಬಳಿಕ ಬರೆಯುತ್ತಿದ್ದೇನೆ. ರಾಮ್ ತಪ್ಪಿಲ್ಲದೆ ಪಾಸಾಯಿತು. ಈವೆಂಟ್ ವ್ಯೂವರಿನಲ್ಲಿ ವೀಯಾ 18 ಏಳು ಸಲ ಇತ್ತು, ಎಪಿಕ್ ಐಡಿ ಪ್ರತಿ ಸಲವೂ 6 ಅಥವಾ 7, ಅಂದರೆ ಕೋರ್ 3. ಕ್ಯಾಬಿನೆಟ್ ಬಿಚ್ಚಿದಾಗ ಹೀಟ್‌ಸಿಂಕಿನ ಸಂದುಗಳಲ್ಲಿ ಮಂಡಕ್ಕಿ ಭಟ್ಟಿಯ ಕಡೆಯಿಂದ ಬರುವ ಮಸಿಯೂ ಧೂಳೂ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿದ್ದನ್ನು ಕಂಡು ನನಗೇ ನಾಚಿಕೆಯಾಯಿತು. ಟವರ್ ಕೂಲರ್ ಹಾಕಿಸಿ, ಎಲ್ಲ ಕೋರ್‌ಗಳಿಗೂ ಋಣ 15 ಕೊಟ್ಟೆ. ಎರಡನೆಯ ರಾತ್ರಿ ಕೋರ್‌ಸೈಕ್ಲರ್ ಕೋರ್ 3ರಲ್ಲಿ ತಪ್ಪು ಹಿಡಿಯಿತು. ಅದೊಂದನ್ನು ಋಣ 6ಕ್ಕೆ ತಂದ ಮೇಲೆ ಐದು ದಿನಗಳಿಂದ ಒಂದೂ ದಾಖಲೆ ಇಲ್ಲ. ಕೋಣೆ 37 ಇದ್ದಾಗ ಪ್ರೊಸೆಸರ್ 74ರಲ್ಲಿ ನಿಲ್ಲುತ್ತಿದೆ.

ಡಿಫಾಲ್ಟ್‌ನಲ್ಲಿ 64 ನಿಮಿಷ ಹಿಡಿಯುತ್ತಿದ್ದ ಮದುವೆಯ ವಿಡಿಯೊ ಈಗ 62 ನಿಮಿಷಕ್ಕೆ ಮುಗಿಯುತ್ತದೆ. ಹಾರ್ಡ್‌ವೇರ್ ಎನ್‌ಕೋಡಿಂಗ್ ನಾನು ಆರಿಸಿರಲೇ ಇಲ್ಲ. ಅದನ್ನು ಆರಿಸಿದ ದಿನ ಅದೇ ವಿಡಿಯೊ 27 ನಿಮಿಷ ತೆಗೆದುಕೊಂಡಿತು.