ಪದಚರ್ಚೆ: ಕೋರ್ಟ್ ಆದೇಶದಂತೆ ಹಾರ್ಡ್ ಡಿಸ್ಕ್ ನೋಡುವುದು – ಜಪ್ತಿಯೋ, ಶೋಧವೋ, ಪರಿಶೀಲನೆಯೋ?

ಎಲ್ಲರಿಗೂ ನಮಸ್ಕಾರ.

2011ರಲ್ಲಿ ಅಮೆರಿಕದಲ್ಲಿ ಸೋನಿ ಕಂಪನಿ ಜಾರ್ಜ್ ಹಾಟ್ಜ್ ಮೇಲೆ ಹೂಡಿದ ಮೊಕದ್ದಮೆಯ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ. ಪದಕೋಶದಲ್ಲಿ ಪದಗಳಿಲ್ಲ ಅಂತಲ್ಲ. ಇರುವ ಪದ ಹಾಕಿದರೆ ಅಲ್ಲಿ ನಡೆದದ್ದು ಒಂದು, ಓದುವವರಿಗೆ ಕಾಣುವುದು ಇನ್ನೊಂದು ಆಗುತ್ತಿದೆ. ಕೋರ್ಟು ಕಚೇರಿಯ ಕನ್ನಡ ಬಲ್ಲವರೂ ಕಂಪ್ಯೂಟರ್ ಬಿಚ್ಚಿ ರಿಪೇರಿ ಮಾಡುವವರೂ ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹಾಟ್ಜ್ ನ್ಯೂಜೆರ್ಸಿಯ ಹುಡುಗ, ಇಂಟರ್ನೆಟ್ಟಿನಲ್ಲಿ ಜಿಯೋಹಾಟ್ ಅಂತಲೇ ಹೆಸರು. 2007ರಲ್ಲಿ, 17 ವರ್ಷದವನಿದ್ದಾಗಲೇ ಐಫೋನಿನ ಲಾಕ್ ಬಿಡಿಸಿ ಸುದ್ದಿಯಾದವನು. ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 3ರಲ್ಲಿ ಮೊದಮೊದಲು ಲಿನಕ್ಸ್ ಹಾಕಿ ಅದನ್ನು ಮಾಮೂಲಿ ಕಂಪ್ಯೂಟರಿನ ಹಾಗೆ ಬಳಸಬಹುದಿತ್ತು. 2010ರ ಏಪ್ರಿಲ್ 1ರ ಅಪ್‌ಡೇಟಿನಲ್ಲಿ ಸೋನಿ ಆ ಸೌಲಭ್ಯ ಕಿತ್ತುಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಬರ್ಲಿನ್‌ನ ಹ್ಯಾಕರ್ ಸಮ್ಮೇಳನದಲ್ಲಿ ಫೇಲ್‌ಓವರ್‌ಫ್ಲೋ ಅನ್ನುವ ತಂಡ ಒಂದು ದೊಡ್ಡ ಲೋಪ ತೋರಿಸಿತು. ಒಂದು ಪ್ರೋಗ್ರಾಂ ಕಂಪನಿಯದೇ ಅಂತ ಯಂತ್ರ ನಂಬುವುದು ಅದರ ಡಿಜಿಟಲ್ ಸಹಿ ನೋಡಿ. ಆ ಸಹಿ ಹಾಕುವಾಗ ಪ್ರತಿ ಸಲ ಯಾರೂ ಊಹಿಸಲಾಗದ ಹೊಸ ಸಂಖ್ಯೆಯೊಂದು ಬೇಕು, ಸೋನಿ ಮಾತ್ರ ಎಲ್ಲ ಸಹಿಗೂ ಅದೇ ಸಂಖ್ಯೆ ಬಳಸಿತ್ತು. ಹಾಗಾದಾಗ ಎರಡು ಸಹಿ ಪಕ್ಕಪಕ್ಕ ಇಟ್ಟುಕೊಂಡು ಕಂಪನಿಯ ಗುಟ್ಟಿನ ಕೀಯನ್ನೇ, ಅಂದರೆ ಸಹಿ ಹಾಕಲು ಬಳಸುವ ರಹಸ್ಯ ಸಂಖ್ಯೆಯನ್ನೇ, ಲೆಕ್ಕ ಹಾಕಿ ತೆಗೆಯಬಹುದು. 2011ರ ಜನವರಿ ಮೊದಲ ವಾರದಲ್ಲಿ ಹಾಟ್ಜ್ ಇನ್ನೂ ಆಳದ ಒಂದು ಕೀ ಹುಡುಕಿ ತನ್ನ ವೆಬ್‌ಸೈಟಿನಲ್ಲಿ ಹಾಕಿದ. ಜನವರಿ 11ಕ್ಕೆ ಸೋನಿ ಉತ್ತರ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿಗೆ ಹೋಯಿತು. ತಿಂಗಳ ಕೊನೆಗೆ ನ್ಯಾಯಾಧೀಶೆ ಸೂಸನ್ ಇಲ್ಸ್ಟನ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ಜೊತೆಗೆ, ಈ ಕೆಲಸಕ್ಕೆ ಸಂಬಂಧಿಸಿದ್ದು ಇರುವ ಕಂಪ್ಯೂಟರು, ಡಿಸ್ಕುಗಳನ್ನೆಲ್ಲ ಒಪ್ಪಿಸು ಅಂದರು.

ಇಲ್ಲೇ ಮೊದಲ ತೊಡಕು. ಈ ಒಪ್ಪಿಸುವುದಕ್ಕೆ ಏನೆನ್ನೋಣ? ಥಟ್ಟನೆ ಬರುವ ಪದ ಜಪ್ತಿ. ಆದರೆ ನಮ್ಮಲ್ಲಿ ಜಪ್ತಿ ಅಂದರೆ ಒಂದೋ ಪೊಲೀಸರು ದಾಳಿ ಮಾಡಿ ತೆಗೆದುಕೊಂಡು ಹೋಗುವುದು, ಇಲ್ಲ ಸಾಲ ಕಟ್ಟದವನ ಮನೆಗೆ ಕೋರ್ಟ್ ಅಮೀನ ಬಂದು ಸಾಮಾನು ಹೊರಗಿಡುವುದು. ಮುಟ್ಟುಗೋಲು ಇನ್ನೂ ಕೆಟ್ಟದು, ಅದು ಹೋದ ವಸ್ತು, ತಿರುಗಿ ಬರುವುದಿಲ್ಲ. ಇಲ್ಲಿ ಪೊಲೀಸರೇ ಇಲ್ಲ. ಇದು ಸಿವಿಲ್ ದಾವೆ. ಸೋನಿ ವಾದಿ, ಹಾಟ್ಜ್ ಪ್ರತಿವಾದಿ. ಹಾಗಿದ್ದರೂ ಹ್ಯಾಕರ್ ಅನ್ನುವ ಪದ ಬಂದ ಕೂಡಲೇ ನಮ್ಮ ಸುದ್ದಿಗಳಲ್ಲಿ ಹಿಂದೆಯೇ ಆರೋಪಿ ಬರುತ್ತದೆ, ಆರೋಪಿ ಬಂದ ಮೇಲೆ ಜಪ್ತಿ ಬರಲೇಬೇಕು, ಓದುವವನ ಮನಸ್ಸಿನಲ್ಲಿ ಕೇಸು ಅಲ್ಲಿಗೆ ಮುಗಿದೇ ಹೋಯಿತು. ಇದು ನನಗೆ ತೀರಾ ಅನ್ಯಾಯ ಅನ್ನಿಸುತ್ತದೆ. ದಾವೆಯಲ್ಲಿ ಇನ್ನೂ ಏನೂ ತೀರ್ಮಾನ ಆಗಿರದ 21 ವರ್ಷದ ಹುಡುಗನನ್ನು ನಾವು ಬರೀ ಪದದಿಂದಲೇ ಕಟಕಟೆಗೆ ಹತ್ತಿಸಿಬಿಡುತ್ತೇವೆ.

ನನಗೆ ಹೊಳೆದದ್ದು ಸುಪರ್ದಿ. ‘ಕೋರ್ಟಿನ ಸುಪರ್ದಿಗೆ ಒಪ್ಪಿಸು’ ಅಂದರೆ ವಸ್ತು ನನ್ನದೇ, ಸದ್ಯಕ್ಕೆ ಬೇರೆಯವರ ಕೈಯಲ್ಲಿ ಜೋಪಾನ, ಕೆಲಸ ಮುಗಿದ ಮೇಲೆ ವಾಪಸ್. ಕೋರ್ಟಿಗೆ ಓಡಾಡಿದವರಿಗೆಲ್ಲ ಗೊತ್ತಿರುವ ಪದ. ಈಗಿನ ಹುಡುಗರಿಗೆ ಅರ್ಥವಾಗುತ್ತದಾ ಅನ್ನುವುದೊಂದೇ ಅನುಮಾನ.

ಎರಡನೆಯದು ಇದಕ್ಕಿಂತ ದೊಡ್ಡದು. ಹಾಟ್ಜ್ ವಕೀಲರು ತಕರಾರು ತೆಗೆದರು: ಆ ಡಿಸ್ಕುಗಳಲ್ಲಿ ಅವನ ಇಡೀ ಬದುಕಿದೆ, ಪ್ಲೇಸ್ಟೇಷನ್ನಿಗೆ ಸಂಬಂಧವೇ ಇಲ್ಲದ ಎಷ್ಟೋ ಇದೆ, ಎಲ್ಲವನ್ನೂ ಸೋನಿ ಕೈಗೆ ಕೊಡುವುದು ಹೇಗೆ ಅಂತ. ಫೆಬ್ರವರಿಯಲ್ಲಿ ಕೋರ್ಟ್ ಆದೇಶದ ವ್ಯಾಪ್ತಿಯನ್ನು ಕಿರಿದು ಮಾಡಿತು. ಡಿಸ್ಕುಗಳನ್ನು ಎರಡೂ ಕಡೆಯವರಲ್ಲದ ಒಂದು ಸಂಸ್ಥೆ ನೋಡಬೇಕು. ಪ್ಲೇಸ್ಟೇಷನ್ ಹ್ಯಾಕಿಂಗಿಗೆ ಸಂಬಂಧಿಸಿದ್ದನ್ನಷ್ಟೇ ಬೇರ್ಪಡಿಸಬೇಕು. ಉಳಿದದ್ದರಲ್ಲಿ ಸೋನಿಗೆ ಹಕ್ಕಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿ ಅಕ್ಕಿಯನ್ನು ಮನೆಯವರಿಗೇ ಕೊಟ್ಟ ಹಾಗೆ.

ಈಗ ಇದಕ್ಕೆ ಶೋಧ ಅಂದರೆ ದಾಳಿ ನೆನಪಾಗುತ್ತದೆ. ತನಿಖೆ ಪೊಲೀಸರದು. ತಪಾಸಣೆ ಬಸ್ಸಿನ ಟಿಕೆಟಿನದು ಇಲ್ಲ ಡಾಕ್ಟರದು. ಪರಿಶೀಲನೆ ಅಂದರೆ ತುಂಬಾ ಸಪ್ಪೆ, ಕಾಲೇಜು ಸೇರುವಾಗ ಮಾರ್ಕ್ಸ್ ಕಾರ್ಡ್ ನೋಡಿದ ಹಾಗೆ ಕೇಳಿಸುತ್ತದೆ, ಮತ್ತು ಒಂದು ಕಂಪನಿ ಎದುರಾಳಿಯ ಸ್ವಂತ ಡಿಸ್ಕು ತೆರೆಸುತ್ತಿದೆ ಅನ್ನುವ ಬಿಸಿಯೇ ಅದರಲ್ಲಿಲ್ಲ. ‘ಮಿತಿ ಹಾಕಿದ ಪರಿಶೀಲನೆ’ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ. ಮನಸ್ಸು ಒಪ್ಪುತ್ತಿಲ್ಲ. ಮಿತಿ ಅನ್ನುವುದು ವಿಶೇಷಣವಾಗಿ ಅಂಟಿಕೊಂಡಿದ್ದರೆ ಓದುವವರು ಅದನ್ನು ದಾಟಿ ಹೋಗುತ್ತಾರೆ, ಕ್ರಿಯೆಯಲ್ಲೇ ಇರಬೇಕು. ‘ಆಯ್ದು ತೆಗೆಯುವುದು’ ಅಂದರೆ ಹೇಗೆ? ‘ಡಿಸ್ಕಿನಿಂದ ಈ ಕಡತಗಳನ್ನಷ್ಟೇ ಆಯ್ದು ತೆಗೆಯಲು ಕೋರ್ಟ್ ಒಪ್ಪಿತು.’

ಆ ಮೂರನೆಯವರಿಗೆ ತಟಸ್ಥ ಪರೀಕ್ಷಕ ಅಂತ ಬರೆದರೆ ಪಿಯುಸಿ ಪ್ರಾಕ್ಟಿಕಲ್‌ಗೆ ಬರುವ ಮೇಷ್ಟರ ಹಾಗೆ ಕೇಳಿಸುತ್ತದೆ. ನಮ್ಮ ಹತ್ತಿರ ಕೋರ್ಟ್ ಕಮಿಷನರ್ ಅನ್ನುವ ಚೆನ್ನಾದ ಪದವಿದೆ. ಜಮೀನಿನ ತಕರಾರಿನಲ್ಲಿ ಕೋರ್ಟ್ ನೇಮಿಸಿದ ವಕೀಲರೊಬ್ಬರು ಬಂದು, ಒತ್ತುವರಿ ಆಗಿದೆಯಾ ಇಲ್ಲವಾ ನೋಡಿ ವರದಿ ಕೊಡುತ್ತಾರಲ್ಲ, ಅದೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಲ್ಲಿ, 10ಎ ನಿಯಮದ ಪ್ರಕಾರ ವೈಜ್ಞಾನಿಕ ಪರೀಕ್ಷೆಗೂ ಕಮಿಷನರ್ ನೇಮಿಸಬಹುದು. ಅಮೆರಿಕದ ವ್ಯವಸ್ಥೆ ಇದೇ ಅಲ್ಲ, ಆದರೂ ಹಳ್ಳಿಯಲ್ಲಿರುವ ಓದುಗರಿಗೂ ಒಂದೇ ಏಟಿಗೆ ತಿಳಿಯುವುದು ಈ ಪದ ಅಂತ ನನ್ನ ಅನಿಸಿಕೆ. ವಕೀಲರು ಯಾರಾದರೂ ಇದ್ದರೆ, ಹೀಗೆ ಬಳಸಿದರೆ ತಪ್ಪು ತಿಳಿವಳಿಕೆ ಆಗುತ್ತದಾ ಹೇಳಿ.

ಎನ್‌ಕ್ರಿಪ್ಟ್‌ಗೆ ಗೂಢಲಿಪೀಕರಣ ಅಂತ ಬರೆಯಲು ನನಗೆ ಇಷ್ಟವಿಲ್ಲ. ಎನ್‌ಕ್ರಿಪ್ಟ್ ಅಂತಲೇ ಇಡುತ್ತೇನೆ, ಎಲ್ಲರ ಬಾಯಲ್ಲೂ ಇದೆ. ತಕರಾರು ಕೀ ಅನ್ನುವುದರದು. ಕೀಲಿ ಅಂತ ಬರೆದಿದ್ದೆ. ಧಾರವಾಡದ ಗೆಳತಿ ಓದಿ, ನಮ್ಮ ಕಡೆ ಕೀಲಿ ಅಂದ್ರ ಬೀಗ, ಕೀಲಿಕೈ ಅಂದ್ರ ತೆಗೆಯೋದು ಅಂದಳು. ಅಂದರೆ ಉತ್ತರ ಕರ್ನಾಟಕದವರಿಗೆ ನನ್ನ ವಾಕ್ಯ ಹಾಟ್ಜ್ ಸೋನಿಯ ಬೀಗವನ್ನೇ ಪ್ರಕಟಿಸಿದ ಅಂತ ಓದಿಸುತ್ತದೆ! ಕೀಲಿಕೈ ಅಂದರೆ ಎರಡೂ ಕಡೆಗೆ ಸರಿಹೋಗಬಹುದು. ಅದನ್ನೇ ಇಟ್ಟುಕೊಳ್ಳಲಾ?

ಡಿಸ್ಕಿನ ಪ್ರತಿ ತೆಗೆಯುವುದಕ್ಕೂ ಒಂದು ಪದ ಬೇಕು. ಲ್ಯಾಬಿನವರು ಮೂಲ ಡಿಸ್ಕನ್ನು ನೇರವಾಗಿ ತೆರೆಯುವುದಿಲ್ಲ. ಮಧ್ಯೆ ರೈಟ್ ಬ್ಲಾಕರ್ ಅನ್ನುವ ಡಬ್ಬಿ ಇಡುತ್ತಾರೆ, ಅದು ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಆಮೇಲೆ ಮೊದಲ ಬಿಟ್‌ನಿಂದ ಕೊನೆಯ ಬಿಟ್‌ವರೆಗೆ, ಖಾಲಿ ಜಾಗ ಸೇರಿಸಿ, ಹಾಗೇ ಇಳಿಸಿಕೊಳ್ಳುತ್ತಾರೆ. ಎರಡರ ಹ್ಯಾಶ್, ಅಂದರೆ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ, ತಾಳೆ ಆಗಬೇಕು. ಇದಕ್ಕೆ ನಕಲು ಅನ್ನುವುದು ಸಾಲದು. ಪಡಿಯಚ್ಚು ಅನ್ನುವುದೇ ಸರಿ ಅಂತ ನನ್ನ ವಾದ. ಎನ್‌ಕ್ರಿಪ್ಟ್ ಆದ ಡಿಸ್ಕಿನ ಪಡಿಯಚ್ಚೂ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ, ಪಾಸ್‌ವರ್ಡ್ ಇಲ್ಲದೆ ಅದು ಬರೀ ಅರ್ಥವಿಲ್ಲದ ಅಂಕಿಗಳ ರಾಶಿ, ಆದ್ದರಿಂದ ‘ಡಿಸ್ಕು ಒಪ್ಪಿಸು’ ಮತ್ತು ‘ಡಿಸ್ಕು ತೆರೆದುಕೊಡು’ ಎರಡು ಬೇರೆ ಬೇರೆ ಆದೇಶಗಳು. ನಮ್ಮ ಸುದ್ದಿ ಬರಹದಲ್ಲಿ ಎರಡನ್ನೂ ಒಂದೇ ಮಾಡಿಬಿಡುತ್ತಾರೆ. 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೂ ಇದೇ ಪ್ರಶ್ನೆ ಬಂದಿತ್ತು, ಅದು ಮಾತ್ರ ಕ್ರಿಮಿನಲ್ ಪ್ರಕರಣ. ಪೊಲೀಸರು ತಾವೇ ಫೋನಿನ ಪಾಸ್‌ವರ್ಡ್ ಕೊಡು ಅಂತ ಬಲವಂತ ಮಾಡುವಂತಿಲ್ಲ, ಕೋರ್ಟ್ ಹೇಳಬಹುದು, ಹಾಗೆ ಕೊಟ್ಟರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಎಂದಿತು. ಶೋಧಕ್ಕೆ ಹೋಗುವಾಗ ಜೊತೆಗೆ ತರಬೇತಾದ ಫೊರೆನ್ಸಿಕ್ ಪರಿಣತರು ಇರಬೇಕು ಅಂತಲೂ ಹೇಳಿತು. ಅಲ್ಲಿ ಶೋಧ ಸರಿಯಾದ ಪದವೇ.

ಕೊನೆಯದು ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು. ಮಾರ್ಚ್‌ನಲ್ಲಿ ಸೋನಿ ಕೋರ್ಟಿಗೆ ಹೇಳಿತು: ಹಾಟ್ಜ್ ಡಿಸ್ಕು ಕೊಡುವ ಮೊದಲು ಅದರ ಮುಖ್ಯ ಭಾಗಗಳನ್ನು ತೆಗೆದಿಟ್ಟುಕೊಂಡಿದ್ದಾನೆ, ಈಗ ದಕ್ಷಿಣ ಅಮೆರಿಕದಲ್ಲಿದ್ದಾನೆ. ಮಾತು ಕಂಟ್ರೋಲರ್ ಬೋರ್ಡಿನದು. ಹಾರ್ಡ್ ಡಿಸ್ಕನ್ನು ಮಗುಚಿದರೆ ಹಿಂದೆ ಪುಟ್ಟ ಸ್ಕ್ರೂಗಳಲ್ಲಿ ಕೂರಿಸಿರುವ ಹಸಿರು ಬೋರ್ಡ್ ಕಾಣುತ್ತದಲ್ಲ, ಅದು. ಬಿಚ್ಚುವುದು ಎರಡು ನಿಮಿಷದ ಕೆಲಸ. ಆದರೆ ಈಗಿನ ಡಿಸ್ಕುಗಳಲ್ಲಿ ಆ ಬೋರ್ಡಿನ ಚಿಪ್ಪಿನೊಳಗೆ ಆ ಒಂದು ಡಿಸ್ಕಿಗೇ ಹೊಂದಿಸಿದ ವಿವರಗಳಿರುತ್ತವೆ, ಅದೇ ಮಾಡಲಿನ ಬೇರೆ ಬೋರ್ಡ್ ತಂದು ಹಾಕಿದರೆ ಬಹಳ ಸಲ ಡಿಸ್ಕು ಏಳುವುದೇ ಇಲ್ಲ. ಹಾಟ್ಜ್ ತನ್ನ ಬ್ಲಾಗಿನಲ್ಲಿ, ಓಡಿಹೋಗಿಲ್ಲ, ಮೊದಲೇ ದುಡ್ಡು ಕಟ್ಟಿದ್ದ ರಜೆಯ ಪ್ರವಾಸ ಅಂತ ಬರೆದ.

ಇದನ್ನು ಕನ್ನಡದಲ್ಲಿ ಬರೆಯುವಾಗ ‘ಅವಿಭಾಜ್ಯ ಅಂಗಗಳನ್ನು ಕಿತ್ತು’ ಅಂದರೆ ನಾನು ಸೋನಿಯ ವಕೀಲನಾದೆ. ‘ಬಿಡಿಭಾಗ ಬಿಚ್ಚಿಟ್ಟುಕೊಂಡು’ ಅಂದರೆ ಹಾಟ್ಜ್‌ನ ವಕೀಲ. ಬಿಡಿಭಾಗ ಅಂದರೆ ಅಂಗಡಿಯಲ್ಲಿ ಬೇರೆ ಸಿಗುತ್ತದೆ ಅನ್ನುವ ಅರ್ಥವೂ ಬಂದುಬಿಡುತ್ತದೆ, ಮೇಲೆ ಹೇಳಿದ ಹಾಗೆ ಇಲ್ಲಿ ಅದು ನಿಜವಲ್ಲ. ಎರಡೂ ಕಡೆ ವಾಲದ, ಸುಮ್ನೆ ನಡೆದದ್ದನ್ನು ಹೇಳುವ ಮಾತು ಬೇಕು. ‘ಬೋರ್ಡಿಲ್ಲದ ಡಿಸ್ಕು ಕೊಟ್ಟಿದ್ದಾನೆ ಎಂದು ಸೋನಿ ದೂರಿತು’ ಅಂತ ಬರೆದುಕೊಂಡಿದ್ದೇನೆ. ‘ದೂರಿತು’ ಸಾಕಾ, ‘ಆಪಾದಿಸಿತು’ ಬೇಕಾ?

ಕೇಸು ಮಾರ್ಚ್ ಕೊನೆಗೆ ರಾಜಿಯಾಯಿತು, ಏಪ್ರಿಲ್ 11ಕ್ಕೆ ಎರಡೂ ಕಡೆಯವರು ಹೊರಗೆ ಹೇಳಿದರು. ಸೋನಿಯ ಸಾಧನಗಳ ರಕ್ಷಣೆ ಮುರಿಯುವುದಿಲ್ಲ ಎಂಬ ಶಾಶ್ವತ ನಿರ್ಬಂಧಕ್ಕೆ ಹಾಟ್ಜ್ ಒಪ್ಪಿದ. ಇಲ್ಲಿ ರಾಜಿ ಅನ್ನುವ ಪದ ಚೊಕ್ಕವಾಗಿದೆ, ಬದಲಿಸುವುದಿಲ್ಲ. ‘ತಪ್ಪೊಪ್ಪಿಕೊಂಡ’ ಅಂತ ಯಾರಾದರೂ ತಿದ್ದಲು ಬಂದರೆ ನಾನು ಬಿಡುವುದಿಲ್ಲ. ಎರಡೂ ಕಡೆಯ ಸಾಕ್ಷಿ ಕೇಳಿ ಸರಿ ತಪ್ಪು ತೀರ್ಮಾನಿಸಿದ ವಿಚಾರಣೆ ಅಲ್ಲಿ ನಡೆಯಲೇ ಇಲ್ಲ.

ಸುಪರ್ದಿ, ಆಯ್ದು ತೆಗೆಯುವುದು, ಕೋರ್ಟ್ ಕಮಿಷನರ್, ಕೀಲಿಕೈ, ಪಡಿಯಚ್ಚು – ಇವುಗಳಲ್ಲಿ ನಿಮ್ಮ ಕಡೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ತಿಳಿಸಿ. ಕಲಬುರಗಿ, ಮಂಗಳೂರು ಕಡೆಯ ಕೋರ್ಟುಗಳಲ್ಲಿ ಸುಪರ್ದಿಗೆ ಬೇರೆ ಮಾತು ಬಳಕೆಯಲ್ಲಿದ್ದರೆ ಅದನ್ನೂ ಬರೆಯಿರಿ.