ಅಪ್‌ಡೇಟ್: ತೋಟದ ಮನೆಗೆ ತಗೊಂಡ ರಿವಾಲ್ವರ್ ಕೊನೆಗೂ ಹಾರಿಸಿ ನೋಡಿದೆ

ನಮಸ್ಕಾರ್ರೀ. ಇಂಡಿ ಕಡೆ ದ್ರಾಕ್ಷಿ ತೋಟದಲ್ಲಿ ಒಂಟಿ ಮನೆ, ಲೈಸೆನ್ಸ್ ಸಿಕ್ಕಿದೆ, ಹೊಸ .32 ರಿವಾಲ್ವರ್ ಹೇಗೆ ಪರೀಕ್ಷೆ ಮಾಡಲಿ ಅಂತ ಕೇಳಿದ್ದೆ. ತೋಟದಲ್ಲೇ ನಾಲ್ಕು ಗುಂಡು ಹಾರಿಸು ಅಂದವರ ಮಾತು ಕೇಳಲಿಲ್ಲ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೇ ಹೋದೆ.

24 ಗುಂಡು, ಅಂದರೆ ಆರು ಗುಂಡು ಹಿಡಿಯುವ ಸಿಲಿಂಡರ್ (ತಿರುಗುವ ಗೂಡು) ನಾಲ್ಕು ಸಲ ತುಂಬಿದೆ. ಏಳು ಮೀಟರಿಗೆ ಹ್ಯಾಮರ್ (ಗುಂಡಿಗೆ ಬಡಿಯುವ ಹಿಂದಿನ ಕೊಕ್ಕೆ) ಬೆರಳಿನಿಂದ ಹಿಂದಕ್ಕೆಳೆದು ಹೊಡೆದಾಗ ಆರೂ ಅಂಗೈಯಗಲದಲ್ಲಿ ಬಿದ್ದವು. ಹ್ಯಾಮರ್ ಮುಟ್ಟದೆ ಬರೀ ಟ್ರಿಗರ್ ಎಳೆದು ಹೊಡೆದರೆ ಕಥೆಯೇ ಬೇರೆ. ಟ್ರಿಗರ್ ಬಹಳ ಬಿಗಿ, ನಳಿಗೆಯ ತುದಿ ಎಡಕ್ಕೆ ಜಾರುತ್ತದೆ, ಎರಡು ಗುಂಡು ಹಾಳೆಗೇ ತಾಗಲಿಲ್ಲ. ರಾತ್ರಿ ಗಾಬರಿಯಲ್ಲಿ ಎಳೆಯುವುದು ಹೀಗೇ ಅಲ್ವಾ? ಹದಿನೈದು ಮೀಟರಿನ ಲೆಕ್ಕ ಕೇಳಬೇಡಿ.

ಮೂರನೇ ಸುತ್ತಿನಲ್ಲಿ ಒಂದು ಬರೀ 'ಟಕ್' ಅಂತು. ತಡವಾಗಿ ಸಿಡಿದೀತು ಅಂತ ನಳಿಗೆ ಗುರಿಯ ಕಡೆಗೇ ಇಟ್ಟು, ಮನಸ್ಸಿನಲ್ಲೇ ಮೂವತ್ತು ಎಣಿಸಿ, ಆಮೇಲೆ ತೆರೆದೆ. ಗುಂಡಿನ ಹಿಂದೆ ಪಿನ್ ಬಡಿದ ಗುಳಿ ಇತ್ತು, ಆದರೆ ತೀರಾ ತೆಳುವಾಗಿ, ಉಗುರು ಒತ್ತಿದಂತೆ. ಗುಂಡಿನ ದೋಷವೋ ಸ್ಪ್ರಿಂಗಿನದೋ, ಅಂಗಡಿಯವರಿಗೆ ತೋರಿಸಿದ್ದೇನೆ. ಅದು ತಿಳಿಯುವ ತನಕ ಇದನ್ನು ನಂಬುವುದಿಲ್ಲ.

ಹಂದಿ ಓಡಿಸೋಕೆ ಆಗುತ್ತಾ ಅಂತ ಕೇಳಿದ್ದ ಕಾಕಾ, ಆಗಲ್ಲರೀ. ಅದಕ್ಕೆ ಪಟಾಕಿ, ತಂತಿಬೇಲಿಯೇ ಸರಿ. ಮದುವೆ ಮೆರವಣಿಗೆಯಲ್ಲಿ ತಗದು ಹಾರಿಸು ಅನ್ನುವ ದೋಸ್ತರಿಗೂ ಹೇಳಿಬಿಟ್ಟೆ: ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ ಎರಡು ವರ್ಷದವರೆಗೆ ಜೈಲು.

ಸದ್ಯ ಅದು ಕಬ್ಬಿಣದ ತಿಜೋರಿಯಲ್ಲಿದೆ, ಕೀಲಿ ನನ್ನ ಉಡದಾರದಲ್ಲಿ. ಅವ್ವ ಮಾತ್ರ ನಾಯಿಯನ್ನೇ ನಂಬಿದ್ದಾಳೆ.